ಅಂದಕ್ಕಾಗಿಯೋ, ಅಂಗಕ್ಕಾಗಿಯೋ?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ಕನ್ನಡದ ಮಾಸ್ತರನು ಎದ್ದು ನಿಂತನೆಂದರೆ ಗಡಿಯ ಮಾತನ್ನೋ, ಕನ್ನಡ ಶಾಲೆಗಳ ಸ್ಥಿತಿಗತಿಯನ್ನೋ ಎತ್ತುವನೆಂದು ತಾವು ನಿರೀಕ್ಷಿಸುವುದು ಸಹಜವೇ. ಆ ವಿಷಯಗಳನ್ನು ನನಗಿಂತ ಸಮರ್ಥರಾದವರು ಇದೇ ವೇದಿಕೆಯಿಂದ ಹಲವು ಸಲ ಹೇಳಿದ್ದಾರೆ. ಈ ವರುಷ ಮನೆಮಂದಿಗೆಲ್ಲ ಉಪಯೋಗವಾಗುವ ಆರೋಗ್ಯದ ವಿಷಯವೊಂದನ್ನು ಎತ್ತಿಕೊಳ್ಳಬೇಕೆಂದು ಕಾರ್ಯಕಾರಿ ಮಂಡಲಿಯವರು ಅಪ್ಪಣೆ ಮಾಡಿದರು. ನಾನು ವೈದ್ಯನಲ್ಲ, ಓದಿಯೂ ಬಲ್ಲವರನ್ನು ಕೇಳಿಯೂ ತಿಳಿದುಕೊಂಡದ್ದನ್ನಷ್ಟೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಆದರೆ ಇಪ್ಪತ್ತು ವರುಷ ಮಕ್ಕಳ ಮುಖಗಳನ್ನು ಎದುರಿಗಿಟ್ಟುಕೊಂಡು ಪಾಠ ಹೇಳಿದವನು ಮುಖದ ವಿಷಯವಾಗಿ ನಾಲ್ಕು ಮಾತನಾಡಿದರೆ ತಪ್ಪಲ್ಲವೆಂದು ಭಾವಿಸಿದ್ದೇನೆ. ಶಸ್ತ್ರವನ್ನು ಹಿಡಿದು ರೂಪವನ್ನು ತಿದ್ದುವುದು ಯಾವಾಗ ವೈದ್ಯದೃಷ್ಟಿಯಿಂದ ನ್ಯಾಯವಾದುದು, ಯಾವಾಗ ಅದು ಬರಿಯ ಅಂದದ ಬಯಕೆ ಎಂಬುದೇ ಇಂದಿನ ವಿಷಯ.

ನನ್ನ ಕಸುಬಿಗೆ ತಕ್ಕಂತೆ ಮೊದಲು ಶಬ್ದವನ್ನೇ ಹಿಡಿಯುತ್ತೇನೆ. ಪ್ಲಾಸ್ಟಿಕ್ ಸರ್ಜರಿ ಎಂಬುದಕ್ಕೆ ನಾವು ಕನ್ನಡದಲ್ಲಿ ‘ಸುರೂಪಿಕಾ ಶಸ್ತ್ರಚಿಕಿತ್ಸೆ’ ಎಂಬ ಮಾತನ್ನು ರೂಢಿಸಿಕೊಂಡಿದ್ದೇವೆ. ಮಾತು ಕಿವಿಗೆ ಇಂಪಾಗಿದೆ. ಆದರೆ ಅದರೊಳಗಿನ ‘ಸು’ ಎಂಬ ಒಂದಕ್ಷರವು ನಮ್ಮ ಜನರನ್ನು ದಾರಿ ತಪ್ಪಿಸಿದೆಯೆಂದು ನನ್ನ ಅಭಿಪ್ರಾಯ. ಸುರೂಪವೆಂದ ಕೂಡಲೆ ಸಿನೆಮಾ ತಾರೆಯರ ಮೂಗು, ಗಲ್ಲ, ಗದ್ದಗಳೇ ಕಣ್ಣ ಮುಂದೆ ಬರುತ್ತವೆ. ಇನ್ನು ‘ಪ್ಲಾಸ್ಟಿಕ್’ ಎಂಬುದನ್ನು ಕೇಳಿ, ಮೈಯೊಳಗೆ ಪ್ಲಾಸ್ಟಿಕ್ಕಿನ ತುಂಡನ್ನಿಟ್ಟು ಹೊಲಿಯುವರೆಂದು ನಂಬಿದವರನ್ನೂ ನಾನು ಕಂಡಿದ್ದೇನೆ. ಆ ಶಬ್ದದ ಮೂಲ ಗ್ರೀಕ್ ಭಾಷೆಯದು. ಮಣ್ಣನ್ನು ಮಿದ್ದಿ ಆಕಾರ ಕೊಡುವುದೆಂದು ಅರ್ಥ. ಜರ್ಮನಿಯ ಎಡ್ವರ್ಡ್ ಜೈಸ್ ಎಂಬ ವೈದ್ಯನು ಈ ವಿದ್ಯೆಯ ಮೇಲೆ ಗ್ರಂಥ ಬರೆದು ಆ ಹೆಸರನ್ನು ಪ್ರಚುರಪಡಿಸಿದ್ದು 1838ರಲ್ಲಿ. ನಾವು ಬಲ್ಲ ಪ್ಲಾಸ್ಟಿಕ್ ವಸ್ತುಗಳಿಗೆ ನಾಂದಿಯಾದ ಬೇಕಲೈಟ್ ಹುಟ್ಟಿದ್ದು 1907ರಲ್ಲಿ. ಎಂದ ಮೇಲೆ ಈ ಚಿಕಿತ್ಸೆಗೂ ಕೊಡ ಬಕೀಟುಗಳ ಪ್ಲಾಸ್ಟಿಕ್ಕಿಗೂ ಸಂಬಂಧವಿಲ್ಲ. ಇದು ಕುಂಬಾರನ ವಿದ್ಯೆ, ಮಣ್ಣಿನ ಬದಲು ಮಾಂಸದಲ್ಲಿ.

ಕುಂಬಾರನ ವಿದ್ಯೆಯೆಂದು ಅಲಂಕಾರಕ್ಕಾಗಿ ಹೇಳಲಿಲ್ಲ, ಅದಕ್ಕೊಂದು ಇತಿಹಾಸವಿದೆ. ಆದರೆ ಅದಕ್ಕೂ ಮುಂಚೆ ಸುಶ್ರುತನನ್ನು ನೆನೆಯಬೇಕು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯವು ಆರಂಭವಾಗುವುದು ಮಕ್ಕಳ ಕಿವಿ ಚುಚ್ಚುವ ವಿಧಾನದಿಂದ. ರಕ್ಷೆಗಾಗಿಯೂ ಆಭರಣಕ್ಕಾಗಿಯೂ ಕಿವಿ ಚುಚ್ಚಬೇಕೆಂದು ಅವನ ಮತ. ಚುಚ್ಚಿದ ಕಿವಿ ಭಾರದ ಒಡವೆಯಿಂದ ಹರಿದರೆ ಅದನ್ನು ಕೂಡಿಸುವ ಹದಿನೈದು ಬಗೆಗಳನ್ನು ಹೇಳಿ, ಅದೇ ಅಧ್ಯಾಯದಲ್ಲಿ ಮುಂದುವರಿದು, ಕತ್ತರಿಸಿಹೋದ ಮೂಗನ್ನು ಗಲ್ಲದ ಮಾಂಸದಿಂದ ಕಟ್ಟುವ ಕ್ರಮವನ್ನು ವಿವರಿಸುತ್ತಾನೆ. ಮೂಗಿನ ಅಳತೆಯ ಎಲೆಯನ್ನಿಟ್ಟು ಗಲ್ಲದ ಮೇಲೆ ಗುರುತು ಮಾಡಬೇಕು, ಉಸಿರಾಡಲು ಎರಡು ನಾಳಗಳನ್ನು ಇರಿಸಬೇಕು, ಎಳ್ಳೆಣ್ಣೆಯಿಂದ ತೋಯಿಸುತ್ತಿರಬೇಕು. ಒಡವೆಯ ತೂತೂ ಉಸಿರಿನ ಮೂಗೂ ಒಂದೇ ಅಧ್ಯಾಯದಲ್ಲಿ ನೆರೆಹೊರೆಯಾಗಿ ಕುಳಿತಿವೆ. ಅಂದವೂ ಚಿಕಿತ್ಸೆಯೂ ಎಷ್ಟು ಹತ್ತಿರದ ಬಂಧುಗಳೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ. ಆದರೆ ನಾಳವಿಡುವ ಆ ಒಂದು ಮಾತನ್ನು ಗಮನಿಸಿರಿ. ಮೂಗು ಕಾಣುವುದಕ್ಕಷ್ಟೇ ಅಲ್ಲ, ಉಸಿರಾಡುವುದಕ್ಕೆ ಎಂಬುದನ್ನು ಅವನು ಮರೆತಿರಲಿಲ್ಲ.

ಇನ್ನು ಕುಂಬಾರನ ಕಥೆ. 1792ರಲ್ಲಿ ಟೀಪೂ ಸುಲ್ತಾನನ ಮೇಲೆ ನಡೆದ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠ ರೈತನು ಸೆರೆಸಿಕ್ಕನು. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರೆಂದು ಅಂದಿನ ಇಂಗ್ಲಿಷ್ ಪತ್ರಿಕೆ ಬರೆಯಿತು. ವರುಷಕ್ಕೂ ಮೇಲ್ಪಟ್ಟು ಮೂಗಿಲ್ಲದೆ ಬದುಕಿದ ಅವನಿಗೆ, ಪುಣೆಯ ಸಮೀಪದಲ್ಲಿ ಇಟ್ಟಿಗೆ ಸುಡುವ ಜಾತಿಯವನೊಬ್ಬನು ಹೊಸ ಮೂಗನ್ನು ಮಾಡಿಕೊಟ್ಟನು. ಮೇಣದ ತಗಡಿನಿಂದ ಮೂಗಿನ ಅಚ್ಚು ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಆ ಗೆರೆಯಂತೆ ಚರ್ಮವನ್ನು ಬಿಡಿಸಿ, ಎರಡು ಹುಬ್ಬುಗಳ ನಡುವೆ ಮಾತ್ರ ಕಿರಿದಾದ ಒಂದು ಪಟ್ಟಿಯನ್ನು ಕತ್ತರಿಸದೆ ಉಳಿಸಿ, ಚರ್ಮವನ್ನು ಕೆಳಕ್ಕೆ ತಿರುಗಿಸಿ ಮೂಗಿನ ಜಾಗದಲ್ಲಿ ಕೂಡಿಸಿದನು. ಉಳಿಸಿದ ಆ ಪಟ್ಟಿಯ ಮೂಲಕವೇ ಹೊಸ ಮೂಗಿಗೆ ರಕ್ತ ಹರಿಯಬೇಕು. ಅದರ ಬೇರು ಊರಿದ ಮೇಲೆ, ಸುಮಾರು ಇಪ್ಪತ್ತೈದನೆಯ ದಿನ, ಪಟ್ಟಿಯನ್ನು ಕತ್ತರಿಸಿದನು. ಅಂಟಿಸಲು ಬಳಸಿದ್ದು ನಾವು ಎಲೆಯಡಿಕೆಯೊಡನೆ ಮೆಲ್ಲುವ ಕಾಚು! ಈ ವರದಿಯು ಚಿತ್ರಸಹಿತವಾಗಿ 1794ರ ಅಕ್ಟೋಬರದ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝಿನ್’ ಎಂಬ ಮಾಸಿಕದಲ್ಲಿ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಇಪ್ಪತ್ತು ವರುಷ ಕಾಲ ಆ ವಿಚಾರವನ್ನು ಬಿಡದೆ, 1814ರಲ್ಲಿ ಇಂಗ್ಲಂಡದಲ್ಲಿ ಅದೇ ಕ್ರಮದಿಂದ ಮೂಗನ್ನು ಕಟ್ಟಿದನು. ಯುರೋಪಿನ ಆಧುನಿಕ ಸುರೂಪಿಕೆಗೆ ಅದು ಬಾಗಿಲು ತೆರೆಯಿತು. ಶ್ರೀರಂಗಪಟ್ಟಣದ ಬಳಿ ಹೋದ ಮೂಗು, ಪುಣೆಯಲ್ಲಿ ಹುಟ್ಟಿ, ಲಂಡನ್ನಿಗೆ ಪಾಠ ಹೇಳಿತು. ಕೈಚಳಕ ತೋರಿದ ಆ ಇಟ್ಟಿಗೆಯವನ ಹೆಸರನ್ನು ಯಾರೂ ಬರೆದಿಡಲಿಲ್ಲ. ನೋಡಿದ ಇಂಗ್ಲಿಷ್ ವೈದ್ಯರ ಹೆಸರುಗಳು ಉಳಿದಿವೆ.

ಕಾವಸಜಿಯ ಮೂಗು ಅಂದಕ್ಕಾಗಿಯೋ? ಹೌದೆನ್ನುವವರು ಇಲ್ಲಿ ಯಾರೂ ಇರಲಾರರು. ಕಳೆದುಹೋದದ್ದನ್ನು ಮರಳಿ ಪಡೆಯುವುದು ಒಂದು, ಇದ್ದುದನ್ನು ಇನ್ನಷ್ಟು ಚೆಲುವಾಗಿಸುವುದು ಇನ್ನೊಂದು ಎಂದು ವೈದ್ಯರು ಸಾಮಾನ್ಯವಾಗಿ ವಿಂಗಡಿಸುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಗುಂಡು ಸಿಡಿದು ದವಡೆ ಹೋದ, ಕೆನ್ನೆ ಹಾರಿದ ಸೈನಿಕರಿಗಾಗಿ ಹೆರಾಲ್ಡ್ ಗಿಲೀಸ್ ಎಂಬ ವೈದ್ಯನು ಇಂಗ್ಲಂಡದ ಸಿಡ್ಕಪ್ ಎಂಬಲ್ಲಿ 1917ರಿಂದ ನಡೆಸಿದ ಆಸ್ಪತ್ರೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರಿಗೆ ಹನ್ನೊಂದು ಸಾವಿರದಷ್ಟು ಶಸ್ತ್ರಕ್ರಿಯೆಗಳಾದವು. ಅಲ್ಲಿಯ ಕೋಣೆಗಳಲ್ಲಿ ಕನ್ನಡಿಗಳನ್ನು ಇಡುತ್ತಿರಲಿಲ್ಲ. ಊರಿಗೆ ಹೋಗುವ ದಾರಿಯ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಹಚ್ಚಿದ್ದರು. ಅಲ್ಲಿ ಕುಳಿತವನ ಮುಖವನ್ನು ಕಂಡು ಬೆಚ್ಚಬಾರದೆಂದು ಊರವರಿಗೆ ಮುನ್ಸೂಚನೆ. ಮುಖವು ಉಣ್ಣುವ, ಉಸಿರುವ, ನೋಡುವ, ನುಡಿಯುವ ಕೆಲಸಗಳನ್ನು ಮಾಡುವುದಲ್ಲದೆ, ಇನ್ನೊಬ್ಬರು ಬೆಚ್ಚದೆ ನಮ್ಮೊಡನೆ ಮಾತನಾಡುವಂತೆ ಮಾಡುವ ಕೆಲಸವನ್ನೂ ಮಾಡುತ್ತದೆಂದು ಆ ನೀಲಿ ಬೆಂಚುಗಳಿಂದ ತಿಳಿಯುತ್ತದೆ. ಹೀಗಿರಲು ‘ಕೆಲಸ’ ಮತ್ತು ‘ಅಂದ’ ಎಂಬ ಎರಡು ಗೂಟಗಳನ್ನು ನೆಟ್ಟು ನಡುವೆ ಹಗ್ಗ ಎಳೆದರೆ ಸಾಲದು. ಈ ಅಂಗವು ಮಾಡಬೇಕಾದ ಕೆಲಸವೇನು, ಅದರಲ್ಲಿ ಏನು ಕೆಟ್ಟಿದೆ, ಕಾದರೆ ಇನ್ನೇನು ಕೆಡುವುದು ಎಂದು ಕೇಳಬೇಕು. ಈ ಮೂರನೆಯ ಪ್ರಶ್ನೆಯೇ ನಮ್ಮ ಭಾಗದಲ್ಲಿ ಯಾರೂ ಕೇಳದ ಪ್ರಶ್ನೆ.

ಅದನ್ನು ಸೀಳುತುಟಿಯ ಉದಾಹರಣೆಯಿಂದ ಬಿಡಿಸಿ ಹೇಳುತ್ತೇನೆ. ಲೋಕದಲ್ಲಿ ಸ್ಥೂಲವಾಗಿ 700ರಿಂದ 1000 ಜನನಗಳಿಗೆ ಒಂದರಂತೆ ತುಟಿಯೋ ಅಂಗುಳವೋ ಎರಡೂ ಸೀಳಿದ ಮಗು ಹುಟ್ಟುತ್ತದೆ. ಗ್ರಹಣದ ಹೊತ್ತಿನಲ್ಲಿ ಬಸುರಿಯು ಕತ್ತರಿ ಹಿಡಿದಳು, ಈಳಿಗೆಯ ಮುಂದೆ ಕುಳಿತಳು, ಅದರ ಫಲವಿದು ಎಂದು ನಮ್ಮ ಅಜ್ಜಿಯರು ಹೇಳುತ್ತಾರೆ; ಎಷ್ಟೋ ಸೊಸೆಯಂದಿರು ಈ ಒಂದು ಮಾತಿನಿಂದ ಜನ್ಮವಿಡೀ ಕಣ್ಣೀರು ಹಾಕಿದ್ದಾರೆ. ತುಟಿ ಅಂಗುಳಗಳು ಕೂಡಿಕೊಳ್ಳುವುದು ಗರ್ಭದ ನಾಲ್ಕನೆಯ ವಾರದಿಂದ ಹನ್ನೆರಡನೆಯ ವಾರದೊಳಗೆ. ಬಸುರಿಯೆಂದು ಮನೆಯವರಿಗೆ ತಿಳಿಯುವ ಹೊತ್ತಿಗೆ ಆ ಕೆಲಸ ಮುಗಿಯುತ್ತ ಬಂದಿರುತ್ತದೆ. ಏಳನೆಯ ತಿಂಗಳಲ್ಲಿ ಹಿಡಿದ ಗ್ರಹಣಕ್ಕೆ ಅದನ್ನು ಮತ್ತೆ ಸೀಳುವ ಶಕ್ತಿಯಿಲ್ಲ.

ತುಟಿಯ ಸೀಳು ಹೊರಗೆ ಕಾಣುತ್ತದೆ, ಅಂಗುಳದ ಸೀಳು ಕಾಣುವುದಿಲ್ಲ. ಆದರೆ ಹೆಚ್ಚಿನ ಕೇಡು ಕಾಣದುದರಲ್ಲಿಯೇ ಇದೆ. ಅಂಗುಳ ಸೀಳಿದ ಕೂಸಿಗೆ ಮೊಲೆ ಚೀಪಲಾಗದು, ಕುಡಿದ ಹಾಲು ಮೂಗಿನಿಂದ ಬರುತ್ತದೆ. ನಡುಗಿವಿಯಲ್ಲಿ ನೀರು ನಿಂತು ಕಿವಿ ಮಂದವಾಗುವುದೂ ಉಂಟು. ಮಾತು ಕಲಿಯುವ ಹೊತ್ತಿಗೆ ನಿಜವಾದ ತೊಡಕು ಆರಂಭವಾಗುತ್ತದೆ. ಇಲ್ಲಿ ವ್ಯಾಕರಣದ ಮಾಸ್ತರನಾಗಿ ಒಂದು ಮಾತು ಹೇಳಲು ಅಪ್ಪಣೆ ಬೇಡುತ್ತೇನೆ. ನಮ್ಮ ಕೇಶಿರಾಜನು ಶಬ್ದವು ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಹುಟ್ಟುವುದೆಂದಿದ್ದಾನೆ. ಆ ಕಹಳೆಯ ನಡುವೆ ಬಿರುಕಿದ್ದರೆ ಏನಾದೀತು? ಕ, ಗ, ತ, ದ, ಪ, ಬ ಎಂಬ ವ್ಯಂಜನಗಳನ್ನು ನುಡಿಯಲು ಉಸಿರನ್ನು ಬಾಯೊಳಗೆ ತಡೆಹಿಡಿದು ಒಮ್ಮೆಲೆ ಬಿಡಬೇಕು. ಆಗ ಅಂಗುಳದ ಹಿಂಭಾಗವು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಅಂಗುಳ ಸೀಳಿದವರಲ್ಲಿ ಉಸಿರು ಮೂಗಿನಿಂದ ಸೋರಿಹೋಗುತ್ತದೆ. ಮೂಗಿನಿಂದಲೇ ನುಡಿಯಬೇಕಾದ ಮ, ನ, ಣ ಮಾತ್ರ ಸ್ವಚ್ಛವಾಗಿ ಉಳಿಯುತ್ತವೆ. ‘ಬ’ ಎಂಬುದು ‘ಮ’ ಆಗುತ್ತದೆ, ‘ದ’ ಎಂಬುದು ‘ನ’ ಆಗುತ್ತದೆ. ವರ್ಗೀಯ ವ್ಯಂಜನಗಳ ಕೋಷ್ಟಕದಲ್ಲಿ ಕೊನೆಯ ಕಂಬಸಾಲೊಂದೇ ನಿಂತು, ಉಳಿದ ನಾಲ್ಕು ಸಾಲುಗಳು ಕುಸಿದಂತೆ.

ಹಿಂದೆ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮೇಲ್ದುಟಿಯ ಮೇಲೆ ಸಣ್ಣದೊಂದು ಗೆರೆ; ಯಾವುದೋ ಶಿಬಿರದಲ್ಲಿ ಕೂಸಿದ್ದಾಗಲೇ ಅಚ್ಚುಕಟ್ಟಾಗಿ ಹೊಲಿದಿದ್ದರು. ‘ಬಂದೆ’ ಎಂಬುದು ಅವಳ ಬಾಯಲ್ಲಿ ‘ಮನ್ನೆ’ ಆಗುತ್ತಿತ್ತು, ದೇವರು ‘ನೇವರು’ ಆಗುತ್ತಿದ್ದನು. ಹುಡುಗರು ನಗುವರೆಂದು ಪ್ರಶ್ನೆ ಕೇಳಿದರೆ ಮ-ಕಾರ ನ-ಕಾರಗಳಿರುವ ಶಬ್ದಗಳನ್ನೇ ಆರಿಸಿ ಉತ್ತರ ಕೊಡುವಷ್ಟು ಜಾಣೆ; ಪದ್ಯವನ್ನು ಓದೆಂದರೆ ಮಾತ್ರ ತಲೆ ತಗ್ಗಿಸುತ್ತಿದ್ದಳು. ಅಂಗುಳವನ್ನು ಹಾಗೆಯೇ ಬಿಟ್ಟಿದ್ದರು. ಏಕೆಂದು ತಂದೆಯನ್ನು ಕೇಳಿದೆ. “ತುಟಿ ಹೊಲಸೀವಿ, ಮಾರಿ ಛಲೋ ಆತು. ಒಳಗಿಂದು ಯಾರಿಗಿ ಕಾಣ್ತದ್ರಿ ಮಾಸ್ತರ? ಮದಿವಿ ಹೊತ್ತಿಗೆ ನೋಡೂಣು ಬಿಡ್ರಿ” ಎಂದನು. ಅವನು ಕೆಟ್ಟ ತಂದೆಯಲ್ಲ, ಮಗಳ ಮೇಲೆ ಪ್ರಾಣವಿಟ್ಟವನು. ಆದರೆ ಇಡೀ ಚಿಕಿತ್ಸೆಯನ್ನು ಅವನು ಅಂದದ ಲೆಕ್ಕಕ್ಕೆ ಹಾಕಿದ್ದನು; ಅಂದದ ಲೆಕ್ಕಕ್ಕೆ ನಮ್ಮಲ್ಲಿ ಮದುವೆಯೇ ಗಡುವು. ತುಟಿಯನ್ನು ಮೂರರಿಂದ ಆರು ತಿಂಗಳೊಳಗೆ, ಅಂಗುಳವನ್ನು ಮಾತು ಬಲಿಯುವ ಮುನ್ನ, ಸಾಮಾನ್ಯವಾಗಿ ಒಂದೂವರೆ ವರುಷದೊಳಗೆ ಹೊಲಿಯಬೇಕೆಂದು ವೈದ್ಯರು ಹೇಳುತ್ತಾರೆ. ತಡವಾಗಿ ಹೊಲಿದರೆ ತೂತು ಮುಚ್ಚುತ್ತದೆ. ತಪ್ಪಾಗಿ ಕಲಿತ ನುಡಿ ಮಾತ್ರ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆ ಹುಡುಗಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಶಸ್ತ್ರಕ್ರಿಯೆಯಾಯಿತು. ಅನಂತರ ಎರಡು ವರುಷ ಕನ್ನಡಿಯ ಮುಂದೆ ಕುಳಿತು, ಮೂಗಿನ ಕೆಳಗೆ ಹಾಳೆಯ ಚೂರು ಹಿಡಿದು, ಉಸಿರು ತಾಗಿ ಅದು ಅಲುಗದಂತೆ ‘ಪ, ಪಾ, ಪಿ’ ಎಂದು ಕಲಿತಳು. ಈಗ ‘ಕ’ಕಾರ ‘ಪ’ಕಾರಗಳು ಬರುತ್ತವೆ. ಬೇಗ ಮಾತನಾಡಿದರೆ ಇನ್ನೂ ಸೋರುತ್ತವೆ.

ಕಣ್ಣಿನ ರೆಪ್ಪೆಯೂ ಹೀಗೆಯೇ. ಹುಟ್ಟಿನಿಂದಲೇ ಒಂದು ರೆಪ್ಪೆ ಜೋತುಬಿದ್ದ ಮಗುವನ್ನು ನಾವು ‘ನಿದ್ದೆಗಣ್ಣಿನ ಹುಡುಗ’ನೆಂದು ಮುದ್ದಿನಿಂದ ಕರೆದು ಸುಮ್ಮನಾಗುತ್ತೇವೆ. ರೆಪ್ಪೆಯು ಕಣ್ಣಿನ ಪಾಪೆಯನ್ನು ಮುಚ್ಚುವಷ್ಟು ಇಳಿದಿದ್ದರೆ ಆ ಕಣ್ಣಿಗೆ ಬೆಳಕಿನ ಪಾಠವೇ ಆಗುವುದಿಲ್ಲ. ನೋಡಲು ಕಲಿಯಬೇಕಾದ ಎಳೆವಯಸ್ಸು ದಾಟಿದ ಮೇಲೆ ರೆಪ್ಪೆಯನ್ನೆತ್ತಿ ಕಟ್ಟಿದರೂ ದೃಷ್ಟಿ ಪೂರ್ಣವಾಗಿ ಬರುವುದಿಲ್ಲ. ವರನ ಮುಂದೆ ಕೂರುವಾಗ ಎರಡು ಕಣ್ಣುಗಳು ಸಮವಾಗಿ ಕಾಣಬಹುದು, ಒಂದು ಮಾತ್ರ ಕಾಣುವ ಕಣ್ಣಾಗಿರುತ್ತದೆ. ರೆಪ್ಪೆ ಪಾಪೆಗೆ ತಾಗದಷ್ಟು ಅಲ್ಪವಾಗಿ ಇಳಿದಿದ್ದರೆ ಅದು ಅಂದದ ಮಾತು, ಕಾಯಬಹುದು. ಅಂಗ ಒಂದೇ, ದೋಷವೂ ಒಂದೇ, ಎರಡು ಗೀಟು ಮೇಲೆ ಕೆಳಗೆ ಎಂಬುದರಲ್ಲಿ ನ್ಯಾಯ ನಿರ್ಣಯವಾಗುತ್ತದೆ. ಮುಪ್ಪಿನಲ್ಲಿ ರೆಪ್ಪೆಯ ತೊಗಲು ಸಡಿಲಾಗಿ ಮೇಲಿನ ನೋಟವನ್ನು ಮರೆಮಾಡಿದರೂ ಇದೇ ಲೆಕ್ಕ. ದೃಷ್ಟಿಯ ಹರಹನ್ನು ಯಂತ್ರದಿಂದ ಅಳೆದು ವೈದ್ಯರು ತೀರ್ಮಾನಿಸುತ್ತಾರೆ.

ಸುಟ್ಟ ಗಾಯಗಳ ವಿಷಯ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಒಲೆ, ಸ್ಟೋವ್, ಸೀರೆಯ ಸೆರಗು ಇವುಗಳ ಸಂಬಂಧ ನಮ್ಮ ಮನೆಗಳಿಗೆ ಹೊಸದಲ್ಲ. ಆಳವಾಗಿ ಸುಟ್ಟ ತೊಗಲು ಮಾಯುವಾಗ ಒಣಗಿದ ಚಕ್ಕಳದಂತೆ ಸೆಳೆದುಕೊಳ್ಳುತ್ತದೆ. ಕುತ್ತಿಗೆ ಸುಟ್ಟರೆ ಗದ್ದವು ಎದೆಗೆ ಅಂಟುತ್ತದೆ, ಕೈ ಸುಟ್ಟರೆ ಬೆರಳುಗಳು ಮುಷ್ಟಿಯಾಗುತ್ತವೆ, ಕಣ್ಣಿನ ಬಳಿ ಸುಟ್ಟರೆ ರೆಪ್ಪೆ ಹೊರಳಿ ಕಣ್ಣು ಮುಚ್ಚದೆ ಒಣಗುತ್ತದೆ. ಮಕ್ಕಳಲ್ಲಿ ಎಲುಬು ಬೆಳೆಯುತ್ತದೆ, ಕಲೆಯ ತೊಗಲು ಹಿಗ್ಗುವುದಿಲ್ಲ. ಆದುದರಿಂದ ವರುಷ ಹೋದಂತೆ ದವಡೆಯೇ ಸೊಟ್ಟಾಗುತ್ತದೆ. ದಶಕಗಳ ಹಳೆಯ ಸುಟ್ಟ ಕಲೆ ಮತ್ತೆ ಮತ್ತೆ ಹುಣ್ಣಾಗುತ್ತಿದ್ದರೆ ಅಲ್ಲಿ ಅರ್ಬುದ ಹುಟ್ಟುವ ಸಂಭವವೂ ಉಂಟು. ಅಂಥ ಹುಣ್ಣನ್ನು ಅರಿಸಿನ ಹಚ್ಚಿ ನಿರ್ಲಕ್ಷಿಸಲಾಗದು. ಬಿಗಿದ ತೊಗಲನ್ನು ಬಿಡಿಸಿ ಬೇರೆಡೆಯ ಚರ್ಮವನ್ನು ಕಸಿ ಮಾಡುವುದನ್ನು ‘ಕಲೆ ತೆಗೆಸುವುದು’ ಎಂದು ನಮ್ಮವರು ಹೇಳುತ್ತಾರೆ. ಕಲೆ ಹೋಗುವುದಿಲ್ಲ, ಒಂದರ ಬದಲು ಎರಡು ಕಡೆ ಆಗಬಹುದು. ಹೋಗುವುದು ಬಿಗಿತ. ತಲೆ ಎತ್ತಿ ಎದುರಿನವರ ಮುಖ ನೋಡುವುದು, ತುತ್ತನ್ನು ನುಂಗುವುದು, ಕೊಡ ಎತ್ತುವುದು ಇವು ಮರಳಿ ಬರುತ್ತವೆ. ಇದಕ್ಕೆ ಸೌಂದರ್ಯಚಿಕಿತ್ಸೆಯೆಂಬ ಹೆಸರು ಒಪ್ಪುವುದೆ?

ಇಲ್ಲಿಯವರೆಗೆ ಹೇಳಿದವು ಬಹುಮಟ್ಟಿಗೆ ಸುಲಭ. ಈಗ ಕಠಿನವಾದುದಕ್ಕೆ ಬರುತ್ತೇನೆ. ಹುಬ್ಬಿಗೆ ಕೆಲಸವೇನು? ಬೆವರು ಕಣ್ಣಿಗಿಳಿಯದಂತೆ ತಡೆಯುವುದೆನ್ನಬಹುದು. ಆದರೆ ಹುಬ್ಬಿಲ್ಲದಿದ್ದರೆ ಯಾರೂ ಸಾಯುವುದಿಲ್ಲ, ಕುರುಡಾಗುವುದಿಲ್ಲ. ಆದರೂ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡರು, ಪುಣೆಯ ಬಳಿಯ ಕೊಂಢವಾ ಕುಷ್ಠಾಲಯದಲ್ಲಿಯೂ ಅನಂತರ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿಯೂ ಡಾ. ಎನ್. ಎಚ್. ಅಂತಿಯಾ ಅವರು, ಕುಷ್ಠದಿಂದ ಕೆಟ್ಟ ಕೈಗಳನ್ನೂ ಮುಖಗಳನ್ನೂ ಸರಿಪಡಿಸುವುದಕ್ಕೆ ಜೀವಮಾನವನ್ನು ಸವೆಸಿದರು. ಆ ರೋಗವು ಹುಬ್ಬಿನ ಕೂದಲನ್ನು ಉದುರಿಸುತ್ತದೆ, ಮೂಗಿನ ದಿಂಡನ್ನು ಕುಸಿಸುತ್ತದೆ. ಔಷಧಗಳಿಂದ ರೋಗ ಪೂರ್ಣವಾಗಿ ಗುಣವಾಗುತ್ತದೆ. ಗುಣವಾದ ಮೇಲೆ ಅದು ಯಾರಿಗೂ ಅಂಟುವುದಿಲ್ಲ. ಆದರೆ ಗುಣವಾದವನು ಊರಿಗೆ ಮರಳಿದಾಗ ಜನರು ಓದುವುದು ಆಸ್ಪತ್ರೆಯ ಚೀಟಿಯನ್ನಲ್ಲ, ಅವನ ಹುಬ್ಬನ್ನು. ಕೂಲಿ ಸಿಗುವುದಿಲ್ಲ, ಚಹದ ಅಂಗಡಿಯಲ್ಲಿ ಕಪ್ಪು ಸಿಗುವುದಿಲ್ಲ. ಆದುದರಿಂದ ನೆತ್ತಿಯ ಕೂದಲುಳ್ಳ ಚರ್ಮದಿಂದ ಹುಬ್ಬನ್ನು ಕಟ್ಟಿಕೊಡುವುದು, ಮೂಗನ್ನು ಎತ್ತಿ ನಿಲ್ಲಿಸುವುದು ಚಿಕಿತ್ಸೆಯ ಕೊನೆಯ ಅಧ್ಯಾಯವೇ ಹೊರತು ಅಲಂಕಾರವಲ್ಲ. ಹುಬ್ಬು ತೀಡಿಸಿಕೊಳ್ಳುವುದಕ್ಕೂ ಹುಬ್ಬು ಕಟ್ಟಿಸಿಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ಬೆಚ್ಚುವವರ ಕಣ್ಣನ್ನು ತಿದ್ದಬೇಕಲ್ಲದೆ ರೋಗಿಯ ಮುಖವನ್ನೇಕೆ ತಿದ್ದಬೇಕೆಂದು ಕೇಳುವವರಿದ್ದಾರೆ. ಮಾತು ಧರ್ಮವೇ. ಆದರೆ ಊರು ತಿದ್ದಿಕೊಳ್ಳುವವರೆಗೆ ಅವನು ಉಪವಾಸವಿರಬೇಕೆ?

ಸರಕಾರದ ನಿಯಮಗಳೂ ಈ ಗೆರೆಯನ್ನು ಎಳೆಯಲು ಯತ್ನಿಸಿವೆ; ಅವನ್ನು ಓದಿದಾಗ ಸೂತ್ರಗಳ ಮೇಲೆ ಭಾಷ್ಯ ಬರೆಯುವ ಚಪಲ ನನಗೆ ಉಂಟಾಯಿತು. 2017ರ ಜಿ.ಎಸ್.ಟಿ. ಅಧಿಸೂಚನೆಯು ಆರೋಗ್ಯಸೇವೆಗೆ ತೆರಿಗೆಯಿಲ್ಲವೆಂದು ಹೇಳಿ, ಅದರಿಂದ ಕೂದಲು ನಾಟಿಯನ್ನೂ ಸೌಂದರ್ಯದ ಹಾಗೂ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯನ್ನೂ ಹೊರಗಿಡುತ್ತದೆ. ಹುಟ್ಟುದೋಷ, ಬೆಳವಣಿಗೆಯ ದೋಷ, ಗಾಯ, ಆಘಾತ ಇವುಗಳಿಂದ ಕೆಟ್ಟ ಶರೀರರಚನೆಯನ್ನು ಅಥವಾ ಕಾರ್ಯವನ್ನು ಮರಳಿಸುವುದಾದರೆ ಮತ್ತೆ ಒಳಗೆ ಸೇರಿಸಿಕೊಳ್ಳುತ್ತದೆ. ‘ರಚನೆ ಅಥವಾ ಕಾರ್ಯ’ ಎಂದು ಎರಡನ್ನೂ ಹೇಳಿದ್ದು ಉತ್ತಮ. ಆದರೆ ಕಾರಣಗಳ ಪಟ್ಟಿಯಲ್ಲಿ ರೋಗವೆಂಬ ಶಬ್ದವೇ ಇಲ್ಲ! ಇತ್ತ ವಿಮೆಯ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ನಿಯಮದಲ್ಲಿ ಅಪಘಾತ, ಸುಟ್ಟಗಾಯ, ಅರ್ಬುದ ಇವುಗಳ ನಂತರದ ಪುನಾರಚನೆಗೂ, ಆರೋಗ್ಯಕ್ಕೆ ನೇರವಾದ ತತ್‌ಕ್ಷಣದ ಅಪಾಯವನ್ನು ನೀಗಿಸುವ ಚಿಕಿತ್ಸೆಗೂ ಹಣವುಂಟು. ಅವಶ್ಯಕತೆಯನ್ನು ಚಿಕಿತ್ಸೆ ಮಾಡುವ ವೈದ್ಯರು ಬರೆದು ಕೊಡಬೇಕು. ಇಲ್ಲಿ ರೋಗವು ಒಳಗೆ ಬಂದಿತು, ಹುಟ್ಟುದೋಷವೆಂಬ ಶಬ್ದ ಹೊರಗೆ ಉಳಿಯಿತು. ಎರಡೂ ಹಣದ ಲೆಕ್ಕಕ್ಕಾಗಿ ಹುಟ್ಟಿದ ಸೂತ್ರಗಳು; ತಂದೆತಾಯಿಗಳ ಲೆಕ್ಕ ಅಷ್ಟಕ್ಕೆ ಮುಗಿಯಬಾರದು. ವಿಮೆಯವರು ಇಲ್ಲವೆಂದರೆಂದು ಚಿಕಿತ್ಸೆ ಬೇಡವೆಂದಾಗುವುದಿಲ್ಲ. ತಮ್ಮ ಪಾಲಿಸಿಯ ಕಾಗದವನ್ನು ಓದಿಸಿ ನೋಡಿರಿ, ವೈದ್ಯರ ಬರಹವನ್ನು ಜೊತೆಗಿಟ್ಟು ಕೇಳಿರಿ. ಆಮ್ಲದ ದಾಳಿಗೆ ತುತ್ತಾದವರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂದೇಹಕ್ಕೆ ಎಡೆಯಿಡಲಿಲ್ಲ: 2013ರಲ್ಲಿ ಕನಿಷ್ಠ ಮೂರು ಲಕ್ಷ ರೂಪಾಯಿಗಳ ಪರಿಹಾರವನ್ನೂ, 2015ರಲ್ಲಿ ಖಾಸಗಿ ಆಸ್ಪತ್ರೆಗಳೂ ಪುನಾರಚನೆಯ ಶಸ್ತ್ರಕ್ರಿಯೆಗಳ ಸಹಿತ ಉಚಿತ ಚಿಕಿತ್ಸೆ ಕೊಡಬೇಕೆಂಬುದನ್ನೂ ವಿಧಿಸಿತು.

ಇನ್ನು ನಡುವಣ ಮಬ್ಬಿನ ಪ್ರದೇಶ. ತೊನ್ನು ಅಂಟುರೋಗವಲ್ಲ, ಅದರಿಂದ ಕೈಕಾಲುಗಳ ಕೆಲಸವೇನೂ ನಿಲ್ಲುವುದಿಲ್ಲ. ಆದರೂ ಅದು ಚರ್ಮದ ರೋಗವೇ. ಅದಕ್ಕೆ ಔಷಧವೂ, ಮಚ್ಚೆಗಳು ವರುಷದಷ್ಟು ಕಾಲ ಬೆಳೆಯದೆ ನಿಂತಿದ್ದರೆ ಚರ್ಮದ ಕಸಿಯೂ ನ್ಯಾಯವಾದ ಚಿಕಿತ್ಸೆ. ಕಪ್ಪು ಬಣ್ಣವು ರೋಗವಲ್ಲ. ಮಗಳು ಕಪ್ಪೆಂದು ಬಿಳುಪಿನ ಮುಲಾಮುಗಳನ್ನೂ ಸೂಜಿಗಳನ್ನೂ ಹುಡುಕುವವರಿಗೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಸಿಗದು. ಕರಿಯ ಮಣ್ಣಿನ ನಾಡಿನಲ್ಲಿ ಹುಟ್ಟಿ ಕರಿಯ ಬಣ್ಣಕ್ಕೆ ನಾಚುವುದೆಂದರೇನು? ಮೊರದಂತೆ ಅಗಲಿಸಿ ನಿಂತ ಕಿವಿಗಳು ಮತ್ತೊಂದು ಉದಾಹರಣೆ. ಕಿವಿ ಚೆನ್ನಾಗಿಯೇ ಕೇಳುತ್ತದೆ. ಆದರೆ ಹುಡುಗನು ಹೀಯಾಳಿಕೆಗೆ ಅಂಜಿ ಶಾಲೆ ಬಿಡುವ ಹಂತಕ್ಕೆ ಬಂದರೆ, ಕಿವಿಯು ಬಹುಮಟ್ಟಿಗೆ ಬೆಳೆದಿರುವ ಐದಾರು ವರುಷದ ನಂತರ ಅದನ್ನು ತಿದ್ದಿಸುವುದರಲ್ಲಿ ನಾನು ತಪ್ಪು ಕಾಣೆ. ಹುಡುಗನಿಗೇ ಚಿಂತೆಯಿಲ್ಲದೆ, ಅತ್ತೆಗೋ ಚಿಕ್ಕಮ್ಮನಿಗೋ ಮಾತ್ರ ಚಿಂತೆಯಾಗಿದ್ದರೆ ಆ ಕಿವಿಯನ್ನು ಅದರ ಪಾಡಿಗೆ ಬಿಡಬೇಕು. ಅಜ್ಜಿಯರ ಓಲೆಯ ಭಾರಕ್ಕೆ ಹರಿದ ಕಿವಿಯ ಹಾಲೆಯನ್ನು ಹೊಲಿಸುವುದು ಶುದ್ಧ ಅಂದಕ್ಕೇ. ಆದರೆ ಸುಶ್ರುತನು ಹದಿನೈದು ಬಗೆ ಹೇಳಿದ್ದಾನ, ಅಜ್ಜಿಗೆ ಬೇಡವೆನ್ನಲು ನಾನಾರು!

ಬರಿಯ ಅಂದಕ್ಕಾಗಿ ಮಾಡಿಸಿಕೊಳ್ಳುವುದು ಪಾಪವೆಂದು ನಾನು ಹೇಳುವವನಲ್ಲ. ವಯಸ್ಸಿಗೆ ಬಂದವರು, ತಮ್ಮ ಬುದ್ಧಿಯಿಂದ, ತಮ್ಮ ಹಣದಿಂದ, ಅಪಾಯವನ್ನರಿತು ಮಾಡಿಸಿಕೊಂಡರೆ ಅದು ಅವರ ಸ್ವಾತಂತ್ರ್ಯ. ಅಪಾಯವನ್ನರಿತು ಎಂಬ ಮಾತಿಗೆ ಒತ್ತು ಕೊಡುತ್ತೇನೆ. ಅರಿವಳಿಕೆಯ ಮದ್ದಿಗೆ ಇದು ಅಂದಕ್ಕೋ ಅಂಗಕ್ಕೋ ಎಂಬ ಭೇದ ತಿಳಿಯದು. ರಕ್ತಸ್ರಾವಕ್ಕೂ ನಂಜಿಗೂ ತಿಳಿಯದು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ನಟಿಯೊಬ್ಬಳು, ಇಪ್ಪತ್ತೊಂದರ ತರುಣಿ, ಮೈಯ ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಯ ಬಳಿಕ ತೀರಿಕೊಂಡ ಸುದ್ದಿಯನ್ನು ತಾವೆಲ್ಲ ಓದಿದ್ದೀರಿ. ಅದೇ ವರುಷ ರಾಷ್ಟ್ರೀಯ ವೈದ್ಯಕೀಯ ಆಯೋಗವು ಕೂದಲು ನಾಟಿಯ ವಿಷಯದಲ್ಲಿ, ಕಮ್ಮಟಗಳಲ್ಲಿ ಅಥವಾ ಯೂಟ್ಯೂಬಿನಲ್ಲಿ ನೋಡಿ ಕಲಿತದ್ದು ತರಬೇತಿಯಾಗದೆಂದು ಎಚ್ಚರಿಸಬೇಕಾಯಿತು. ಅಂದಕ್ಕಾಗಿ ಹೋಗುವವರು ಆ ಬಾಗಿಲಿನ ಫಲಕದ ಮೇಲೆ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪ್ಲಾಸ್ಟಿಕ್ ಸರ್ಜರಿ ಎಂಬ ಪದವಿ ಇದೆಯೇ ಎಂದಾದರೂ ನೋಡಲಿ. ಇನ್ನೊಂದು ಬಗೆಯವರಿದ್ದಾರೆ: ಮುಖದಲ್ಲಿ ಯಾವ ದೋಷವೂ ಇಲ್ಲದೆ, ಅಥವಾ ಸಾಸಿವೆಯಷ್ಟಿದ್ದುದನ್ನು ಕುಂಬಳದಷ್ಟಾಗಿ ಕಂಡು, ದಿನವಿಡೀ ಕನ್ನಡಿಯ ಮುಂದೆ ಕೊರಗುವವರು. ಇದು ಮನಸ್ಸಿನ ವ್ಯಾಧಿಯೆಂದು ವೈದ್ಯರು ಗುರುತಿಸಿದ್ದಾರೆ. ಇಂಥವರಿಗೆ ಶಸ್ತ್ರದಿಂದ ನೆಮ್ಮದಿ ಸಿಗುವುದಿಲ್ಲ. ಮೂಗು ತಿದ್ದಿದರೆ ಗದ್ದ ಕೆಟ್ಟಂತೆ ಕಾಣುತ್ತದೆ. ಬಲ್ಲ ವೈದ್ಯನು ಇವರಿಗೆ ಮನೋವೈದ್ಯರ ದಾರಿ ತೋರಿಸುತ್ತಾನೆ. ಮದುವೆಗೆ ಮುಂಚೆ ಮಗಳ ಸಹಜವಾದ ಮೂಗನ್ನು ಚೂಪು ಮಾಡಿಸಬೇಕೆಂದು ಹಟ ಹಿಡಿಯುವ ತಂದೆತಾಯಿಗಳಿಗೆ ಯಾವ ದಾರಿ ತೋರಿಸಬೇಕೋ ನಾನರಿಯೆ.

ಕೊನೆಗೆ ಕೆಲವು ವ್ಯಾವಹಾರಿಕ ಸಂಗತಿಗಳು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಅಂಗನವಾಡಿಗಳಿಗೆ ವರುಷಕ್ಕೆ ಎರಡು ಸಲ, ಸರಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಒಂದು ಸಲ ಬರುತ್ತದೆ. ಸೀಳುತುಟಿ, ಸೀಳಂಗುಳಗಳು ಅವರ ಪಟ್ಟಿಯಲ್ಲಿಯೇ ಇವೆ. ಮುಂದಿನ ಚಿಕಿತ್ಸೆಗೆ ಅವರೇ ಕಳುಹಿಸಿಕೊಡುತ್ತಾರೆ. ತಂಡ ಬಂದ ದಿನ ಅಂಥ ಮಗುವನ್ನು ನಾಚಿಕೆಯಿಂದ ಮನೆಯಲ್ಲಿ ಇರಿಸಿಕೊಳ್ಳುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ಆ ದಿನವೇ ಮಗುವನ್ನು ಕಳಿಸಬೇಕು. ಸ್ಮೈಲ್ ಟ್ರೇನ್ ಎಂಬ ಸಂಸ್ಥೆಯೂ 2000ದಿಂದ ನಮ್ಮ ದೇಶದ ಹಲವು ಆಸ್ಪತ್ರೆಗಳ ಮೂಲಕ ಸೀಳುತುಟಿಯ ಶಸ್ತ್ರಕ್ರಿಯೆಗಳನ್ನು ಉಚಿತವಾಗಿ ಮಾಡಿಸುತ್ತಿದೆ. ತುಟಿ ಹೊಲಿಸಿದ ದಿನವೇ ಅಂಗುಳಕ್ಕೆ ಯಾವಾಗ ಬರಬೇಕು, ನುಡಿ ಕಲಿಸುವವರು ಯಾರು, ಕಿವಿಯನ್ನು ಯಾರು ನೋಡುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಬರೆಸಿಕೊಳ್ಳಿರಿ.

ನಮಗೆ ಇನ್ನೊಂದು ತೊಡಕೂ ಉಂಟು. ಸೊಲ್ಲಾಪುರಕ್ಕೋ ಮೀರಜಕ್ಕೋ ಹೋದರೆ ಸಮ್ಮತಿಪತ್ರವು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಕನ್ನಡವೊಂದನ್ನೇ ಬಲ್ಲ ತಾಯಿ ಹೆಬ್ಬೆಟ್ಟೊತ್ತಿ ಬರುತ್ತಾಳೆ. ಏನು ಮಾಡುವರು, ಏನು ಉಳಿಯುವುದು, ಎಷ್ಟು ಸಲ ಬರಬೇಕು ಎಂಬುದೊಂದೂ ಅವಳಿಗೆ ತಿಳಿದಿರುವುದಿಲ್ಲ. ಎರಡನೆಯ ಸಲ ಹೋಗದಿರುವುದಕ್ಕೆ ಎಷ್ಟೋ ಕಡೆ ಇದೇ ಕಾರಣ. ಅಂಥ ಕಾಗದವನ್ನು ರುಜು ಮಾಡುವ ಮೊದಲು ಕೇಳಿ ಮನೆಗೆ ತಂದುಕೊಳ್ಳಬಹುದು. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಸಂಘದ ವಾಚನಾಲಯದಲ್ಲಿ ನಾನೂ ನನ್ನ ಇಬ್ಬರು ಸಹೋದ್ಯೋಗಿಗಳೂ ಇರುತ್ತೇವೆ. ಮರಾಠಿ ಇಂಗ್ಲಿಷ್ ಕಾಗದಗಳನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳುತ್ತೇವೆ. ಕೇಳಬೇಕಾದ ಪ್ರಶ್ನೆಗಳನ್ನು ಮರಾಠಿಯಲ್ಲಿ ಬರೆದು ಕೊಡುತ್ತೇವೆ. ಕಳೆದ ವಾರ ಒಂದು ಕೂಸಿನ ಕಾಗದ ಬಂದಿತ್ತು. ಅಂಗುಳಕ್ಕೆ ಬರಬೇಕಾದ ತಿಂಗಳನ್ನು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಆ ತಿಂಗಳು ಇನ್ನೂ ಮುಂದಿದೆ.

ಮಕ್ಕಳು ಗೆಜ್ಜೆ ಕಟ್ಟಿಕೊಂಡು ಪರದೆಯ ಹಿಂದೆ ಕಾದಿದ್ದಾರೆ.